ನೇರ ಎಳೆಯದ ಗೆರೆ

ಅವರ ಮೂಗಿನ ತುದಿ ಹಳೆ ಗೋಡೆಯ ಸುಣ್ಣದಂತೆ ವರ್ಷವಿಡೀ ಸುಲಿಯುತ್ತಿತ್ತು. ಹದಿನಾಲ್ಕು ವರ್ಷ ಕಳೆದರೂ ಆ ಕೆನಡಾದ ಚರ್ಮ ಮಸ್ಕತ್ತಿನ ಬಿಸಿಲಿಗೆ ಪಳಗಲಿಲ್ಲ. ರೂವಿಯ ನಮ್ಮ ಸರ್ವೆ ಆಫೀಸಿಗೆ ಅವರೇ ಮ್ಯಾನೇಜರ್. ಅರಬಿಯಲ್ಲಿ ‘ಮುದೀರ್’ ಎನ್ನುತ್ತಿದ್ದೆವು. ನಾನು ಅವರ ಡ್ರಾಫ್ಟ್ಸ್‌ಮನ್. ನಾನು ನಕ್ಷೆ ಮುಗಿಸಿ ‘ಖಲಾಸ್’ ಎಂದರೆ ಸಾಕು, “ಪುನಃ ನೋಡು” ಎನ್ನುವರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ. ನನ್ನಿಂದ ಕಲಿತು ನನ್ನ ಮೇಲೆಯೇ ಬಿಡುತ್ತಿದ್ದರು, ಸಿಟ್ಟು ಬಾರದೆ ಇರುತ್ತದೆಯೇ?

ಎಂಬತ್ತರ ದಶಕದ ಕೊನೆಗೆ ಒಂದು ಗುರುವಾರ, ಹರಿದುಹೋಗುವಂತಿದ್ದ ಹಳೆಯ ನಕ್ಷೆಯೊಂದನ್ನು ತಂದು ಪ್ರತಿ ತೆಗೆಯಲು ಹೇಳಿದರು. ಅವರ ಮುತ್ತಜ್ಜ ಹನ್ನೊಂದು ಸಂಸಾರಗಳ ಜೊತೆ ಕೆನಡಾದಲ್ಲಿ ಕಾಡು ಕಡಿದು ಕಟ್ಟಿದ ಊರಿನ ಮೊದಲ ನಕ್ಷೆ. ಅಳತೆಯೆಲ್ಲ ಸರಪಳಿಯಲ್ಲಿ. ಒಂದು ಸರಪಳಿಗೆ ನೂರು ಲಿಂಕು, ಲಿಂಕೆಂದರೆ ಹೆಚ್ಚುಕಡಿಮೆ ಒಂದು ಗೇಣು. ಪುತ್ತೂರಿನ ಕಡೆ ನನ್ನ ಅಪ್ಪ ಗದ್ದೆ ಅಳೆದದ್ದೂ ಅದರಲ್ಲೇ ಎಂದಾಗ ಅವರಿಗೆ ಖುಷಿಯೋ ಖುಷಿ.

ನನ್ನ ಕುತೂಹಲಕ್ಕೆ ಮಿತಿಯೇ ಇರಲಿಲ್ಲ. ಜಾಗ ಹಂಚಿದ್ದು ಹೇಗೆ? ಟೊಪ್ಪಿಯಲ್ಲಿ ಚೀಟಿ ಹಾಕಿ. ಮೊದಲ ಚಳಿಗಾಲದಲ್ಲಿ ತಿಂದದ್ದೇನು? ಬಟಾಟೆ, ಅದೂ ಮುಗಿಯಿತು. ಆ ಚಳಿಯಲ್ಲೇ ಮುತ್ತಜ್ಜಿ ತೀರಿಕೊಂಡರಂತೆ. ಇಗರ್ಜಿ ಕಟ್ಟಿದ್ದು ಆಮೇಲೆ, ಹಾಗಾಗಿ ಹೂತ ಜಾಗದ ದಾಖಲೆಯಿಲ್ಲ. ಪ್ರತಿ ರಜೆಯಲ್ಲೂ ಮುದೀರ್ ಹುಡುಕುವುದು ಅದನ್ನೇ.

ಒಂಬತ್ತನೆಯ ಜಾಗದ ಗಡಿ ಒಂದು ಮೂಲೆಯಲ್ಲಿ ಒಳಕ್ಕೆ ತಿರುಗಿ, ಸಣ್ಣ ಚೌಕವೊಂದನ್ನು ಹೊರಗೆ ಬಿಟ್ಟಿತ್ತು.

“ಬರೆದವನ ಕೈ ತಪ್ಪಿದ್ದು, ನೇರ ಎಳೆ,” ಎಂದರು ಮುದೀರ್ ಇಂಗ್ಲಿಷಿನಲ್ಲಿ.

ಸರಪಳಿ ಹಿಡಿಯುವ ನಮ್ಮ ಉಪ್ಪಿನಂಗಡಿಯ ಬ್ಯಾರಿ ಕಾಕ ಇಣುಕಿ ನೋಡಿದರು. “ಎಳಿಬೇಡಿ ಮಾರಾಯ್ರೆ. ನಿಮ್ಮ ನಾಗಬನದ ಹಾಗೆ ಉಂಟಲ್ಲ ಅದು? ಯಾರೋ ಬೇಕೂಂತಲೇ ಬಿಟ್ಟದ್ದು.”

ನಾನು ಪೆನ್ನು ಕೆಳಗಿಟ್ಟೆ. ನಮ್ಮಲ್ಲಿ ನಾಗನ ಜಾಗವನ್ನು ನೇಗಿಲು ಸುತ್ತಿಕೊಂಡು ಹೋಗುತ್ತದೆ, ಗೆರೆ ಸುಮ್ಮನೆ ತಿರುಗುವುದಿಲ್ಲ ಎಂದು ಮುದೀರರಿಗೆ ವಿವರಿಸಿದೆ. ಕೊನೆಗೆ, “ಪುನಃ ನೋಡಿ ಸರ್,” ಎಂದೆ. ಅವರು ಕನ್ನಡಕ ಒರೆಸಿಕೊಂಡು ಆ ಚೌಕದ ಮೇಲೆ ಬಾಗಿದರು.

ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಆ ಮೂಲೆಯಲ್ಲಿ ತರಗೆಲೆ ಸರಿಸಿದರು. ಸಾಲಾಗಿ ಚಪ್ಪಟೆ ಕಲ್ಲುಗಳು, ಒಂದರ ಮೇಲೆ ಮುತ್ತಜ್ಜಿಯ ಹೆಸರಿನ ಎರಡು ಅಕ್ಷರ. ಹಿಂತಿರುಗಿದವರು ಕಾಕನನ್ನೂ ನನ್ನನ್ನೂ ತಬ್ಬಿಕೊಂಡು ಅತ್ತುಬಿಟ್ಟರು.

ನಿವೃತ್ತರಾಗಿ ಹೋದ ಮೂರನೆಯ ವರ್ಷ ಅವರ ಮಗಳ ಪತ್ರ ಬಂತು. ಅಪ್ಪನನ್ನು ಆ ಮೂಲೆಯಲ್ಲೇ ಮಲಗಿಸಿದ್ದೇವೆ, ನಕ್ಷೆಯ ಪ್ರತಿ ಕಳಿಸಿದ್ದೇನೆ, ಗೆರೆಯನ್ನು ನೀವೇ ತಿದ್ದಬೇಕೆಂದು ಹೇಳಿ ಹೋಗಿದ್ದಾರೆ ಎಂದು ಬರೆದಿದ್ದಳು. ಚೌಕವನ್ನು ಹತ್ತು ಲಿಂಕು ಹಿಗ್ಗಿಸಿದೆ. ಉದ್ದದ ಮನುಷ್ಯ ಅವರು, ಕಾಲು ಚಾಚಲು ಅಷ್ಟಾದರೂ ಬೇಕು. ಶಾಯಿ ಆರಿದ ಮೇಲೆ ಪುನಃ ನೋಡಿದೆ.