ತಡವಾಗಿ ಜಿಗಿಯುತ್ತಿದ್ದ ಮನುಷ್ಯ

ರಾಮನಗರ ಹೊಸದಾಗಿ ಜಿಲ್ಲೆಯಾದ ೨೦೦೭ರಲ್ಲಿ ನಾನು ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬಾಗಿಲ ಮೇಲೆ ಡಿಪಾರ್ಟ್‌ಮೆಂಟ್ ಎಂದು ಬರೆದಿತ್ತು. ಒಳಗೆ ಒಂದು ಟೇಬಲ್, ಕೈ ಅದ್ದಲು ಬಿಸಿ ಮೇಣದ ಒಂದು ವ್ಯಾಕ್ಸ್ ಬಾತ್, ನಾನು. ಬಿಡದಿಯ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಮೊದಲೆಲ್ಲ ಸೊಂಟ, ಮಂಡಿ ಎಂದು ಬರುತ್ತಿದ್ದವರ ಸಾಲಿನಲ್ಲಿ ಈಗ ಕೈಗಳು ಬರತೊಡಗಿದ್ದವು. ತಗಡು ಕೊಯ್ದ ಬೆರಳು, ಪ್ರೆಸ್ಸಿಗೆ ಸಿಕ್ಕ ಅಂಗೈ. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಕೈ ಫ್ಯಾಕ್ಟರಿಯದಲ್ಲ. ಅದು ಚರಕದ ಮುಂದೆ ಕೂತು ರೇಷ್ಮೆ ಬಿಚ್ಚುತ್ತಿದ್ದ ಜರೀನಾ ಎಂಬ ಇಪ್ಪತ್ತೆರಡು ವರ್ಷದ ಹುಡುಗಿಯ ಬಲಗೈ ಹೆಬ್ಬೆರಳು.

ತಗಡಿನ ಡಬ್ಬದ ಅಂಚು ತಗುಲಿ ಹೆಬ್ಬೆರಳಿನ ಬುಡದಲ್ಲಿ ಟೆಂಡನ್ ಕತ್ತರಿಸಿ ಹೋಗಿತ್ತು. ಟೆಂಡನ್ ಎಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ. ಬೆಂಗಳೂರಿನ ಸರ್ಜನ್ ಅದನ್ನು ಹೊಲಿದು, ಮುಂದಿನದನ್ನು ನನಗೆ ಒಪ್ಪಿಸಿದ್ದರು. ಹೊಲಿದ ಟೆಂಡನ್ನಿನ ಕಷ್ಟ ಹೀಗೆ: ಹೆಚ್ಚು ಆಡಿಸಿದರೆ ಹರಿಯುತ್ತದೆ, ಆಡಿಸದೇ ಬಿಟ್ಟರೆ ಸುತ್ತಲಿನ ಗಾಯಕ್ಕೆ ಅಂಟಿಕೊಂಡು ಬೆರಳು ಮರದ ತುಂಡಾಗುತ್ತದೆ. ಹನ್ನೆರಡು ವಾರ ಇವೆರಡರ ನಡುವೆ ನಡೆಯಬೇಕು. ಜರೀನಾಳ ಮನೆಯಲ್ಲಿ ಅಪ್ಪ ಚರಕ ತಿರುಗಿಸಿದರೆ, ಕುದಿಯುವ ನೀರಿನ ಬಾಣಲೆಯಲ್ಲಿ ಗೂಡುಗಳ ಎಳೆ ಹುಡುಕಿ ಕೊಡುವವಳು ಇವಳೇ. ಆ ಹೆಬ್ಬೆರಳು ಹೋದರೆ ಚರಕದ ಮುಂದೆ ಅವಳಿಗೆ ಜಾಗವಿರಲಿಲ್ಲ.

ಮೊದಲ ದಿನವೇ ಅವಳು ಕೇಳಿದ್ದಳು, "ಮೇಡಂ, ಇದು ಹರ್‍ದು ಹೋಗಲ್ಲ ತಾನೆ?"

ನಾನು ಕನ್ನಡಕ ಹಾಕಿಕೊಂಡು, ಫೈಲ್ ತೆರೆದು, ಆಪರೇಷನ್ ನೋಟ್ಸ್ ಓದಿ, ಆಮೇಲೆ "ಹೇಳಿದ ಹಾಗೆ ಮಾಡಿದರೆ ಹೋಗಲ್ಲ" ಎಂದೆ. ನನಗೆ ಅದು ಶಿಸ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದೂ ಅದನ್ನೇ, ಯೋಚಿಸದೆ ಬಾಯಿ ತೆರೆಯಬಾರದು ಎಂದು. ಜೊತೆಗೆ ನನ್ನೊಳಗೆ ಒಂದು ಹಳೆಯ ಭಯವೂ ಇತ್ತು. ಮೂರು ವರ್ಷ ಹಿಂದೆ ಚನ್ನಪಟ್ಟಣದ ಒಬ್ಬ ಗೊಂಬೆ ಕೆಲಸದವರ ನಡುಬೆರಳಿನ ಹೊಲಿದ ಟೆಂಡನ್ ನನ್ನ ಕೈಯಲ್ಲಿದ್ದಾಗಲೇ ಹರಿದುಹೋಗಿತ್ತು. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಹೇಳುತ್ತಿದ್ದವಳು ನಾನೇ. ಒಳಗೆ ಏನೋ ಸಡಿಲವಾದದ್ದು ನನ್ನ ಬೆರಳಿಗೇ ಗೊತ್ತಾಯಿತು. ಅವರು, "ಇರ್‍ಲಿ ಬುಡಿ ಅಮ್ಮಾ, ನೀವೇನು ಬೇಕಂತ ಮಾಡಿದ್ರಾ" ಎಂದು ನನಗೇ ಸಮಾಧಾನ ಹೇಳಿ ಹೋದರು. ಆ ಒಳ್ಳೆಯ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಎರಡನೇ ವಾರದಲ್ಲಿ ಜರೀನಾ ಒಂದು ತಪ್ಪು ಮಾಡಿದಳು. ರೇಷ್ಮೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಹೆಬ್ಬೆರಳು ಬಾಗಿಯೇ ಇರಲಿ ಎಂದು ನಾನು ಒಂದು ಸ್ಪ್ಲಿಂಟ್ ಮಾಡಿ ಕಟ್ಟಿದ್ದೆ. ಅದರ ಪ್ಲಾಸ್ಟಿಕ್ ಹಾಳೆ ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಕೈಗೆ ಒತ್ತಿ ಆರಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಬಾಣಲೆಯ ಮುಂದೆ ತನ್ನ ಜಾಗದಲ್ಲಿ ಕೂತಿದ್ದ ಅತ್ತಿಗೆಯ ಪಕ್ಕ ಅವಳು ಸುಮ್ಮನೆ ನೋಡುತ್ತಾ ಕೂತಿದ್ದಳಂತೆ. ಎಳೆ ಕಡಿಯಿತು. ಅತ್ತಿಗೆಗೆ ಕಾಣಲಿಲ್ಲ, ಇವಳಿಗೆ ಕಂಡಿತು. ಸ್ಪ್ಲಿಂಟಿನ ಸಮೇತ ಕೈ ಬಾಣಲೆಗೆ ಹೋಯಿತು. ಒಂದು ಸಲವಲ್ಲ, ಎಳೆ ಸಿಗುವ ತನಕ ಮೂರು ಸಲ. ವರ್ಷಗಟ್ಟಲೆ ಕುದಿನೀರಿಗೆ ಒಗ್ಗಿದ ಬೆರಳಿಗೆ ಬಿಸಿ ತಿಳಿಯಲೇ ಇಲ್ಲ. ಪ್ಲಾಸ್ಟಿಕ್‌ಗೆ ತಿಳಿಯಿತು. ಮರುದಿನ ಬಂದಾಗ ಸ್ಪ್ಲಿಂಟ್ ವಾಲಿ, ಹೆಬ್ಬೆರಳು ಅರ್ಧ ನೆಟ್ಟಗಾಗಿತ್ತು.

ಟೆಂಡನ್ ಉಳಿದಿತ್ತು. ಆದರೆ ಹೆದರಿಕೆಯಲ್ಲಿ ನಾನು ಗದರಿಬಿಟ್ಟೆ. "ಇನ್ನೊಂದು ಸಲ ಹೀಗಾದರೆ ಈ ಬೆರಳು ಇಲ್ಲ ಅಂದುಕೋ." ಅವಳು ತಲೆ ತಗ್ಗಿಸಿ ಹೋದಳು. ಅಂದಿನಿಂದ ಹೆಬ್ಬೆರಳನ್ನು ಆಡಿಸುವುದನ್ನೇ ನಿಲ್ಲಿಸಿದಳು. ಐದನೇ ವಾರಕ್ಕೆ, ನಿಧಾನವಾಗಿ ತಾನೇ ಬಾಗಿಸಬೇಕಾದ ಹಂತದಲ್ಲಿ, ತುದಿಯ ಗೆಣ್ಣು ಬಾಗಿದ್ದು ಹತ್ತು ಡಿಗ್ರಿ. "ಬಾಗಿಸಮ್ಮಾ" ಎಂದರೆ ಇಡೀ ತೋಳು ಬಿಗಿಯುತ್ತಿತ್ತು, ಹಣೆ ಬೆವರುತ್ತಿತ್ತು, ಹೆಬ್ಬೆರಳು ಮಾತ್ರ ಕದಲುತ್ತಿರಲಿಲ್ಲ.

ಆಗ ಜೊತೆಗೆ ಬಂದಿದ್ದ ಅವಳ ಅಣ್ಣ ಇಮ್ತಿಯಾಜ್ ಬಾಗಿಲಲ್ಲಿ ನಿಂತು ಕೆಮ್ಮಿದ. "ಮೇಡಂ, ಬೈಬೇಡಿ. ಇಲ್ಲಿ ಬಗ್ಗಲ್ಲ. ನಮ್ ಅಂಗ್ಡೀಲಿ ಬಗ್ಗುತ್ತೆ."

ಇಮ್ತಿಯಾಜ್ ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಫ್ಯಾಕ್ಟರಿ ಟ್ರೈನಿಗಳು ರಜೆಯ ದಿನ ಬಂದು ಗಂಟೆಗಿಷ್ಟು ಎಂದು ಕೊಟ್ಟು ಆಡುತ್ತಿದ್ದರು. ಹೊಲಿದ ಹೆಬ್ಬೆರಳಿನಲ್ಲಿ ಗೇಮ್ ಆಡಿದ್ದಾಳೆ ಎಂದು ಕೇಳಿ ಫೈಲ್ ಮುಚ್ಚಿ ಎದ್ದೆ. ಅಂದು ಮಧ್ಯಾಹ್ನವೇ ಹೋಗಿ ನೋಡಿದೆ.

ಹಳೆಯ ದಪ್ಪ ಬೆನ್ನಿನ ಟೀವಿ. ಪರದೆಯಲ್ಲಿ ಒಬ್ಬ ಮನುಷ್ಯ ನಮಗೆ ಬೆನ್ನು ಮಾಡಿ ಮನೆಗಳ ಮಾಳಿಗೆ ಮೇಲೆ ಓಡುತ್ತಾನೆ. ಇದನ್ನು ಥರ್ಡ್ ಪರ್ಸನ್ ಗೇಮ್ ಎನ್ನುತ್ತಾರಂತೆ. ಅವನ ಕಣ್ಣಿನಿಂದ ನೋಡುವುದಲ್ಲ, ಅವನ ಹಿಂದೆ ನಿಂತು ಅವನನ್ನು ನಡೆಸುವುದು. ಎರಡೂ ಕೈಯಲ್ಲಿ ಹಿಡಿಯುವ ಜಾಯ್‌ಸ್ಟಿಕ್‌ನಲ್ಲಿ ಎಡ ಹೆಬ್ಬೆರಳಿನ ಕೆಳಗೆ ಒಂದು ಗಿಡ್ಡ ಕಡ್ಡಿ. ಸ್ವಲ್ಪ ವಾಲಿಸಿದರೆ ನಡೆಯುತ್ತಾನೆ, ಪೂರ್ತಿ ವಾಲಿಸಿದರೆ ಓಡುತ್ತಾನೆ. ತಿರುಗುವಾಗ ಭುಜ ಒಂದು ಕಡೆ ವಾಲುತ್ತದೆ, ನಿಲ್ಲುವಾಗ ಅರ್ಧ ಹೆಜ್ಜೆ ಜಾರುತ್ತಾನೆ. ಬಲ ಹೆಬ್ಬೆರಳಿನ ಕೆಳಗೆ ಜಿಗಿಯುವ ಬಟನ್. ಮಾಳಿಗೆಯ ಅಂಚು ಬಂತು. ಜರೀನಾಳ ಬಲ ಹೆಬ್ಬೆರಳು ತುದಿಯಲ್ಲಿ ಬಾಗಿ ಬಟನ್ ಮುಟ್ಟಿತು. ಮುಟ್ಟಿದ್ದೂ ಅವನು ಜಿಗಿದದ್ದೂ ಒಂದೇ ಕ್ಷಣ. ಹತ್ತು ಡಿಗ್ರಿಯ ಬೆರಳು ಮೂವತ್ತು ಬಾಗಿತ್ತು, ಅವಳಿಗೆ ಗೊತ್ತೇ ಇರಲಿಲ್ಲ.

ನಾನು ನೋಡುತ್ತಿದ್ದದ್ದು ಗೇಮನ್ನಲ್ಲ, ಅವಳ ಉಗುರನ್ನು. ಬೆರಳಿನ ತುದಿಯನ್ನು ಬಲವಾಗಿ ಒತ್ತಿದರೆ ಉಗುರಿನ ಕೆಳಗಿನ ರಕ್ತ ಸರಿದು ಅದು ಬಿಳುಚುತ್ತದೆ. ಜರೀನಾಳ ಉಗುರು ಗುಲಾಬಿಯಾಗಿಯೇ ಇತ್ತು. ಅಂದರೆ ಬರೀ ಮುಟ್ಟುತ್ತಿದ್ದಾಳೆ. ಸರ್ಜನ್‌ಗೆ ಫೋನ್ ಮಾಡಿದೆ. "ಲೈಟ್ ಟಚ್ ಆದರೆ ಸರಿ. ಫೋರ್ಸ್ ಬಂದರೆ ನಿಲ್ಲಿಸಿ" ಎಂದರು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ಎಂದು ಬರೆದುಕೊಟ್ಟೆ.

ಏಳನೇ ವಾರದ ಒಂದು ಬೆಳಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಫೋನಿಗೆ ನನಗೊಂದು ಕರೆ ಬಂತು. ಇಮ್ತಿಯಾಜನ ಧ್ವನಿ. "ಮೇಡಂ, ಜರೀನಾ ಬೆರಳಲ್ಲಿ ಟಕ್ ಅಂತಂತೆ. ಅಳ್ತಾ ಇದಾಳೆ. ಬೆರಳು ಬಗ್ತಾ ಇಲ್ಲ."

ಅಂಗಡಿಗೆ ಆಟೋದಲ್ಲಿ ಐದು ನಿಮಿಷದ ದಾರಿ. ಆ ಐದು ನಿಮಿಷದಲ್ಲಿ ನಾನು ಎಷ್ಟು ಹೆದರಿದ್ದೆನೋ ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಹೆದರಿದ್ದಿಲ್ಲ. ಗೊಂಬೆ ಕೆಲಸದವರ ನಡುಬೆರಳು ಮತ್ತೆ ನನ್ನ ಕೈಗೆ ಬಂದಂತಿತ್ತು. ಈ ಸಲವಂತೂ ಗೇಮ್ ಆಡು ಎಂದು ಬರೆದು ಸಹಿ ಹಾಕಿದ್ದೇನೆ. ಏಳನೇ ವಾರದಲ್ಲಿ ಹರಿದರೆ ಮತ್ತೆ ಹೊಲಿಯುವುದು ಸುಲಭವಲ್ಲ. ಆಟೋದ ಕಂಬಿ ಹಿಡಿದ ನನ್ನ ಕೈ ನೋಡಿಕೊಂಡೆ. ಐದೂ ಉಗುರು ಬಿಳುಚಿತ್ತು.

ಜರೀನಾ ಬೆಂಚಿನ ಮೇಲೆ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು ಕೂತಿದ್ದಳು, ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ. "ಮೇಡಂ, ಹರ್‍ದು ಹೋಯ್ತಾ?"

ಈ ಸಲ ನಾನು ಕನ್ನಡಕ ಹುಡುಕಲಿಲ್ಲ. "ನೋಡ್ತೀನಿ, ಈಗಲೇ ಹೇಳ್ತೀನಿ" ಎಂದು ಪಕ್ಕದಲ್ಲಿ ಕೂತೆ. ತುದಿ ಬಾಗಿಸು ಎಂದೆ. ಏನೂ ಇಲ್ಲ. ಆದರೆ ಹೆದರಿದ ಬೆರಳೂ ಹರಿದ ಬೆರಳೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅವೆರಡನ್ನು ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಕೈಯನ್ನು ಪೂರ್ತಿ ಸಡಿಲ ಬಿಡಿಸಿ ಮಣಿಕಟ್ಟನ್ನು ಹಿಂದಕ್ಕೆ ಮಡಿಸಬೇಕು. ಟೆಂಡನ್ ಇಡಿಯಾಗಿದ್ದರೆ ಅದು ಬಿಗಿದು ಹೆಬ್ಬೆರಳಿನ ತುದಿಯನ್ನು ತಾನೇ ಒಳಕ್ಕೆ ಎಳೆಯುತ್ತದೆ, ರೋಗಿಯ ಪ್ರಯತ್ನವೇ ಬೇಡ. ಹರಿದಿದ್ದರೆ ತುದಿ ನೆಟ್ಟಗೆ ಉಳಿಯುತ್ತದೆ.

"ಕಣ್ಣು ಮುಚ್ಚಿಕೋ. ಕೈ ನನಗೆ ಕೊಟ್ಟುಬಿಡು."

ಅವಳು ಏನೋ ಮೆಲ್ಲಗೆ ಹೇಳಿಕೊಳ್ಳುತ್ತಾ ಕಣ್ಣು ಮುಚ್ಚಿದಳು. ಕೈ ಭಾರವಾಗುವ ತನಕ ಕಾದೆ. ಮಣಿಕಟ್ಟನ್ನು ಒಂದೊಂದೇ ನೂಲಿನಷ್ಟು ಹಿಂದಕ್ಕೆ ತಂದೆ. ತುದಿ ನಿಂತಲ್ಲೇ ನಿಂತಿತ್ತು. ಇನ್ನೂ ಹಿಂದಕ್ಕೆ. ಆಗ ಹೆಬ್ಬೆರಳಿನ ತುದಿ, ನಿದ್ದೆಯಲ್ಲಿರುವ ಮಗು ಬೆರಳು ಮಡಚುವ ಹಾಗೆ, ಮೆಲ್ಲಗೆ ಒಳಕ್ಕೆ ಬಾಗಿತು.

"ಇದೆ ಜರೀನಾ" ಎಂದೆ. "ಹರಿದಿಲ್ಲ. ಕಣ್ಣು ಬಿಟ್ಟು ನೋಡು."

ಅವಳು ನೋಡಿದಳು. ಇಮ್ತಿಯಾಜ್ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ. ಗಾಯಕ್ಕೆ ಅಂಟಿಕೊಂಡಿದ್ದ ಒಂದು ಎಳೆ ಬಿಟ್ಟಿರಬೇಕು, ಟಕ್ ಎಂದದ್ದು ಅದೇ ಎಂದು ಸರ್ಜನ್ ಆಮೇಲೆ ಹೇಳಿದರು. ಆದರೆ ಅಷ್ಟು ಜೋರು ಎಲ್ಲಿಂದ ಬಂತು? ನಾನು ನೋಡಿದ ದಿನ ಬರೀ ಮುಟ್ಟುತ್ತಿದ್ದಳಲ್ಲ. ಜಾಯ್‌ಸ್ಟಿಕ್ ಅದೇ, ಗೇಮ್ ಅದೇ. ಬದಲಾದದ್ದು ಒಂದೇ. ದಪ್ಪ ಬೆನ್ನಿನ ಟೀವಿಯ ಜಾಗದಲ್ಲಿ ಗೋಡೆಗೆ ಒಂದು ಹೊಸ ತೆಳು ಟೀವಿ ನೇತಾಡುತ್ತಿತ್ತು.

"ಮೊನ್ನೆ ತಂದೆ ಮೇಡಂ. ಪಿಕ್ಚರ್ ನೋಡಿ, ಕನ್ನಡಿ" ಎಂದ ಇಮ್ತಿಯಾಜ್.

ಮೂಲೆಯಲ್ಲಿ ಒಬ್ಬ ಗಿರಾಕಿ ಕೂತಿದ್ದ. ಕೈಲಾಂಚದ ಸಿದ್ದರಾಜು, ಬಿಡದಿಯಲ್ಲಿ ತಗಡು ಒತ್ತುವ ಪ್ರೆಸ್ ಆಪರೇಟರ್. ಅವನೀಗ ಬಾಯಿ ಬಿಟ್ಟ. "ಕನ್ನಡೀನೇ ಕಣ್ ಭಾಯ್. ಆದ್ರೆ ಈ ಟೀವೀಲಿ ಅವ್ನು ಒಸಿ ಲೇಟಾಗಿ ಎಗರ್ತಾನೆ."

"ನಿನ್ ಕೈ ಲೇಟು. ಟೀವಿಗೆ ಯಾಕೆ ಹೇಳ್ತೀಯ?"

"ನಮ್ ಸೂಪರ್‌ವೈಸರ್ ಇದ್ದಂಗೈತೆ ಭಾಯ್ ನಿನ್ ಟೀವಿ. ಕೂಗುದ್ರೆ ಕೇಳ್ಕೊಂಡು, ಯೋಚ್ನೆ ಮಾಡಿ, ಆಮೇಲ್ ತಿರುಗ್ತದೆ." ಆಮೇಲೆ ನನ್ನ ಕಡೆ ನೋಡಿ ಧ್ವನಿ ತಗ್ಗಿಸಿದ. "ಮೇಡಮ್ಮೋರೆ, ನಮ್ ಪ್ರೆಸ್ಸೂ ಹಂಗೇಯ. ಬಟನ್ ಒತ್ತುದ್ ತಕ್ಷಣ ಬಿದ್ರೆ ಬೆರಳಲ್ ಮುಟ್ತೀವಿ. ಒಸಿ ತಡ ಮಾಡ್ತು ಅಂದ್ರೆ ಗುದ್ದೋಕ್ ಸುರು ಮಾಡ್ತೀವಿ. ಜೋರಾಗ್ ಗುದ್ದುದ್ರೆ ಬೇಗ ಬೀಳಲ್ಲ ಅಂತ ಗೊತ್ತು. ಆದ್ರೂ ಗುದ್ತೀವಿ."

ನಮ್ಮ ಕಾನ್ವೆಂಟ್ ಚಾಪೆಲಿನಲ್ಲಿ ಒಂದು ಮುದಿ ಆರ್ಗನ್ ಇತ್ತು. ಕೀ ಒತ್ತಿದ ಮೇಲೆ ನಿಧಾನವಾಗಿ ಸ್ವರ ಬರುತ್ತಿತ್ತು. ನಾವು ಹುಡುಗಿಯರು ಅದನ್ನು ಎರಡೂ ಕೈಯಿಂದ ಜಜ್ಜುತ್ತಿದ್ದೆವು.

ಸಿದ್ದರಾಜುವನ್ನೇ ಕೂರಿಸಿ ಆಡಿಸಿದೆ. ಅವನ ಉಗುರಿನ ಮೇಲೆ ಕಣ್ಣಿಟ್ಟೆ. ಮಾಳಿಗೆಯ ಅಂಚಿನಲ್ಲಿ ಬಟನ್ ಒತ್ತಿದ. ರೆಪ್ಪೆ ಬಡಿಯುವಷ್ಟು ತಡೆದು ಪರದೆಯ ಮನುಷ್ಯ ಜಿಗಿದ. ಎರಡನೇ ಅಂಚಿಗೆ ಉಗುರಿನ ತುದಿ ಬಿಳುಚಿತು. ಐದನೆಯದಕ್ಕೆ ಅರ್ಧ ಉಗುರು ಬೆಳ್ಳಗಾಗಿತ್ತು. ಆಮೇಲೆ ಅಟ್ಟದಿಂದ ಹಳೆಯ ಟೀವಿ ಇಳಿಸಿದರು. ಅದೇ ಆಟ, ಅದೇ ಬೆರಳು. ಉಗುರು ಗುಲಾಬಿಗೆ ಮರಳಿತು. ಹೊಸ ಟೀವಿಗಳಲ್ಲಿ ಕೆಲವು ಚಿತ್ರವನ್ನು ಒಳಗೆ ತಿದ್ದಿ ತೋರಿಸಲು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ತಡ ಮಾಡುತ್ತವೆ, ಹಳೆಯ ಟ್ಯೂಬಿಗೆ ಆ ರಗಳೆ ಇಲ್ಲ ಎಂದು ಎಷ್ಟೋ ಕಾಲದ ಮೇಲೆ ಓದಿ ತಿಳಿದೆ. ಸಿನಿಮಾ ನೋಡುವವರಿಗೆ ಅದು ಲೆಕ್ಕಕ್ಕಿಲ್ಲ. ಜರೀನಾಳಿಗೆ ಆ ತಡ ಒಂದೊಂದೂ ಬೆರಳಿನ ಸೋಲಾಗಿ ಕಂಡಿತ್ತು. "ನನ್ ಬೆರಳು ಸತ್ತಿದೆ, ಅದಕ್ಕೇ ಅವನು ಹಾರ್‍ತಾ ಇಲ್ಲ ಅಂದ್ಕೊಂಡೆ ಮೇಡಂ" ಎಂದಳು. ಅದಕ್ಕೇ ಒತ್ತಿದ್ದಾಳೆ, ಇನ್ನೂ ಒತ್ತಿದ್ದಾಳೆ.

ಆಗ ನನಗೆ ಇನ್ನೊಂದು ಹೊಳೆಯಿತು, ಅದು ಹಿತವಾಗಿರಲಿಲ್ಲ. ಆ ತೆಳು ಟೀವಿಯ ಕೆಲಸವನ್ನು ಆಸ್ಪತ್ರೆಯಲ್ಲಿ ನಾನೇ ಮಾಡುತ್ತಿದ್ದೆ. ಅವಳ ಬೆರಳು ಒಂದು ಕೂದಲೆಳೆ ಕದಲಿದಾಗ ನಾನು ಗೋನಿಯೋಮೀಟರ್ ಎಂಬ ಕೋನ ಅಳೆಯುವ ಪಟ್ಟಿ ಹುಡುಕುತ್ತಿದ್ದೆ, ಬರೆಯುತ್ತಿದ್ದೆ, ಆಮೇಲೆ "ಇನ್ನೂ ಸ್ವಲ್ಪ" ಎನ್ನುತ್ತಿದ್ದೆ. ಹರಿಯುತ್ತಾ ಎಂದು ಕೇಳಿದರೆ ಫೈಲ್ ತೆರೆಯುತ್ತಿದ್ದೆ. ಆ ತಡದಲ್ಲೇ ಅವಳು ಹೆಪ್ಪುಗಟ್ಟಿದ್ದು. ಗೊಂಬೆ ಕೆಲಸದವರು ಜೋರು ಹಾಕಿದ್ದೂ ಅಲ್ಲೇ ಇರಬಹುದು. ಕೇಳೋಣವೆಂದರೆ ಅವರು ಮತ್ತೆ ನನ್ನ ಬಳಿ ಬರಲಿಲ್ಲ.

ಮರುದಿನದಿಂದ ಅಳೆಯುವುದನ್ನು ಕೊನೆಗೆ ಇಟ್ಟೆ. ಬೆರಳು ಕದಲಿದ ಕ್ಷಣಕ್ಕೆ "ಬಂತು" ಎನ್ನುತ್ತಿದ್ದೆ, ಅಷ್ಟೇ. ಹಳೆಯ ಟೀವಿ ಅಂಗಡಿಯ ಮೂಲೆಯಲ್ಲಿ ಜರೀನಾಳಿಗೆಂದೇ ಉಳಿಯಿತು. "ನಮ್ಗೂ ಅದನ್ನೇ ಕೊಡು ಭಾಯ್, ನಾವೂ ಪೇಶಂಟೇ" ಎಂದು ಸಿದ್ದರಾಜು ಪೀಡಿಸುತ್ತಿದ್ದನಂತೆ. ಹನ್ನೆರಡನೇ ವಾರ ಅಳೆದಾಗ ಐವತ್ತೈದು ಡಿಗ್ರಿ. ಪೂರ್ತಿಯಲ್ಲ, ಎಳೆ ಹಿಡಿಯಲು ಸಾಕು.

ಅವಳು ಮೊದಲ ಸಲ ಬಾಣಲೆಯ ಮುಂದೆ ಕೂತ ದಿನ ನನ್ನನ್ನು ಕರೆಸಿದರು. ಅವಳ ಅಪ್ಪ ಚರಕ ತಿರುಗಿಸಿದರು. ಆವಿಯ ನಡುವೆ ಗೂಡುಗಳು ಕುಣಿಯುತ್ತಿದ್ದವು. ಸೆರಗಿನ ತುದಿಯನ್ನು ಹಿಂಡುತ್ತಿದ್ದೆ. ಎಳೆ ಕಡಿಯಿತು. ಅವಳ ಕೈ ಹೋಯಿತು, ಹೆಬ್ಬೆರಳು ಬಾಗಿತು, ತುದಿ ಚಿಮ್ಮಿ ಹೊಸ ಎಳೆಯನ್ನು ಓಡುತ್ತಿದ್ದ ಎಳೆಗೆ ಕೊಟ್ಟಿತು. ಕೊಟ್ಟದ್ದೂ ಹತ್ತಿದ್ದೂ ಒಂದೇ ಕ್ಷಣ. ಅವಳು ಬೆರಳಿನ ಕಡೆ ನೋಡಲೇ ಇಲ್ಲ, ಅಪ್ಪನ ಜೊತೆ ಏನೋ ಮಾತಾಡುತ್ತಿದ್ದಳು. ನಾನು ಬಗ್ಗಿ ನೋಡಿದೆ. ಆ ಕುದಿನೀರಿನ ಆವಿಯಲ್ಲೂ ಉಗುರು ಗುಲಾಬಿಯಾಗಿಯೇ ಇತ್ತು.

"ಬಂತು" ಎಂದೆ, ಯಾರೂ ಕೇಳದಿದ್ದರೂ.