ಮೊದಲು ಬೇಲಿಯಾಚೆ ನಿಲ್ಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯ ತಿರುವಿನಲ್ಲಿ ಬಿಳಿ ಕಾರೊಂದು ಬಾನೆಟ್ ತೆರೆದು ನಿಂತಿದೆ, ಒಳಗಿನಿಂದ ಹಬೆ ಏಳುತ್ತಿದೆ. ಯಜಮಾನರು ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಬಗ್ಗಿದ್ದಾರೆ. ಪಕ್ಕದಲ್ಲಿ ಅವರ ಹೆಂಡತಿ ನೀರಿನ ಬಾಟಲಿ ಹಿಡಿದು ನಿಂತಿದ್ದಾರೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದಾರೆ. ಲಾರಿಯೊಂದು ಹಾದುಹೋದಾಗೆಲ್ಲ ಕಾರು ಅಲುಗಾಡುತ್ತದೆ.

ಲೇಖನಕ್ಕೆಂದು ನಾನು ಹತ್ತಿಬಂದ, ಕೆಟ್ಟ ಗಾಡಿಗಳನ್ನು ಎಳೆದೊಯ್ಯುವ ಟೋಯಿಂಗ್ ಗಾಡಿ ಕಾರಿನ ಹಿಂದೆ ಸಾಕಷ್ಟು ದೂರದಲ್ಲೇ ನಿಲ್ಲುತ್ತದೆ. ತಲೆಯ ಮೇಲಿನ ಹಳದಿ ದೀಪ ತಿರುಗುತ್ತಿದೆ. ಡ್ರೈವರ್ ಇಳಿದವರೇ ಒಂದು ಕೂಗು ಹಾಕುತ್ತಾರೆ.

"ಸಾರ್, ಮುಚ್ಚಳದಿಂದ ಕೈ ತೆಗೀರಿ. ಅದೇನು ಓಡಿಹೋಗಲ್ಲ. ಮೊದ್ಲು ಮಕ್ಕಳನ್ನ ಇಳಿಸಿ, ಬೇಲಿ ಕಡೆ ಬಾಗ್ಲಿಂದ."

ಬೇಲಿ ಎಂದರೆ ರಸ್ತೆಯ ಅಂಚಿಗೆ ಹಾಕಿರುವ ಕಬ್ಬಿಣದ ತಡೆ. ಮನೆಮಂದಿಯೆಲ್ಲ ಅದನ್ನು ದಾಟಿ ಆಚೆ ಹೋಗಿ, ಕಾರಿಗಿಂತ ಹಿಂದಕ್ಕೆ ನಿಲ್ಲುವವರೆಗೆ ಈ ಮನುಷ್ಯ ಕಾರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. "ಹಿಂದೆ ಯಾಕಣ್ಣ?" ಎಂದು ಕೇಳುತ್ತೇನೆ. "ಯಾರಾದ್ರೂ ಬಂದು ಗುದ್ದಿದ್ರೆ ಕಾರು ಮುಂದಕ್ಕೆ ತಾನೇ ಹೋಗೋದು? ಮುಂದೆ ನಿಂತ್ರೆ ಅದು ನಮ್ಮನ್ನೇ ಹುಡುಕ್ಕೊಂಡು ಬರುತ್ತೆ." ಆಮೇಲೆ ಕೆಂಪು ತ್ರಿಕೋನದ ಫಲಕ ಹಿಡಿದು ಬೇಲಿಯ ಆಚೆಬದಿಯಲ್ಲೇ ನಡೆದು, ತಿರುವಿಗೂ ಮೊದಲೇ ಬರುವ ಗಾಡಿಗಳ ಕಣ್ಣಿಗೆ ಬೀಳುವಂತೆ ಅದನ್ನು ಇಟ್ಟು ಬರುತ್ತಾರೆ. ಇಷ್ಟೆಲ್ಲ ಮುಗಿಸಿ, ನೇರವಾಗಿ ಬಂದು ಒಂದು ಕಲ್ಲಿನ ಮೇಲೆ ಕೂತುಬಿಡುತ್ತಾರೆ.

"ರಿಪೇರಿ ಶುರು ಮಾಡಲ್ವಾ?" ಕಾರಿನ ಯಜಮಾನರಿಗೆ ತಡೆಯಲಾಗುತ್ತಿಲ್ಲ.

"ಎಂಜಿನ್ ಸಿಟ್ಟಲ್ಲಿದೆ ಸಾರ್. ಈಗ ಮುಚ್ಚಳ ತೆಗೆದ್ರೆ ಮುಖಕ್ಕೇ ಉಗುಳುತ್ತೆ. ತಣ್ಣಗಾಗ್ಲಿ. ಮಕ್ಕಳು ಏನಾದ್ರೂ ತಿಂದಿದ್ದಾವಾ?"

ಗ್ಯಾರೇಜಿನವರು ಇವರನ್ನು ಬೇಲಿಯಣ್ಣ ಎಂದು ಕರೆಯುತ್ತಾರೆ. ಗೇಲಿಗೆ ಇಟ್ಟ ಹೆಸರು ಅದು. ಈಗ ದಾರಿಯುದ್ದಕ್ಕೂ ಇರುವ ಪೆಟ್ರೋಲ್ ಬಂಕಿನವರು, ಪಂಕ್ಚರ್ ಅಂಗಡಿಯವರು, ಚಹಾದವರು ಎಲ್ಲರ ಬಾಯಲ್ಲೂ ಅದೇ. ಗಾಡಿ ಕೆಟ್ಟವರ ಕರೆ ಬಂದರೆ ಯಾವ ಕಾರು, ಏನಾಗಿದೆ ಎಂದು ಇವರು ಕೇಳುವುದೇ ಇಲ್ಲ. "ಎಲ್ಲಿದ್ದೀರಾ? ಇಳಿದ್ರಾ? ಬೇಲಿ ಆಚೆ ನಿಂತ್ರಾ?" ಈ ಮೂರಕ್ಕೂ ಉತ್ತರ ಬಂದ ಮೇಲೆಯೇ ಮುಂದಿನ ಮಾತು. ಕೆಲವರು ರೇಗುತ್ತಾರೆ, ನಿನಗೆ ಫೋನ್ ಮಾಡಿದ್ದು ಗಾಡಿಗೋ ಬೇಲಿಗೋ ಎಂದು ಕೇಳಿದವರೂ ಇದ್ದಾರೆ.

"ಬೈಯ್ಲಿ ಬಿಡಿ," ಎನ್ನುತ್ತಾರೆ ಬೇಲಿಯಣ್ಣ. "ಬೇಲಿ ಆಚೆ ನಿಂತ್ಕೊಂಡು ಬೈಯ್ಲಿ."

ನನಗೆ ಮಾತ್ರ ಗಾಡಿ ಹತ್ತಿದಾಗಿನಿಂದ ಬೇರೆಯದೇ ಒಂದು ಕುತೂಹಲ ಹತ್ತಿಕೊಂಡಿದೆ. ಇವರ ಬಳಿ ಎರಡು ಫೋನುಗಳಿವೆ. ದೊಡ್ಡದಕ್ಕೆ ಪುರುಸೊತ್ತೇ ಇಲ್ಲ, ದಿನಕ್ಕೆ ಏಳೆಂಟು ಗಾಡಿಗಳ ಗೋಳನ್ನಾದರೂ ಅದು ಕೇಳಿಸುತ್ತದೆ. ರಸ್ತೆಗೆ ಇಳಿಯುವ ಮುನ್ನ ಅದನ್ನು ಗಾಡಿಯಲ್ಲೇ ಬಿಡುತ್ತಾರೆ, ಹೆದ್ದಾರಿಯ ಮೇಲೆ ಕಿವಿಗೆ ಫೋನ್ ಹಚ್ಚಿದವನಿಗೆ ಲಾರಿಯ ಸದ್ದು ಕೇಳಿಸುವುದಿಲ್ಲ ಎಂದು. ಇನ್ನೊಂದು ಬಟನ್ ಒತ್ತುವ ಹಳೇ ಪುಟ್ಟ ಫೋನು. ಅದು ಅಂಗಿಯ ಜೇಬಿನಲ್ಲಿ, ಗುಂಡಿ ಹಾಕಿದ ಮುಚ್ಚಳದ ಒಳಗೆ ಸದಾ ಇರುತ್ತದೆ. ನಾನು ಬಂದಾಗಿನಿಂದ ಒಮ್ಮೆಯೂ ಸದ್ದು ಮಾಡಿಲ್ಲ.

"ಇದು ಯಾರಿಗೆ?"

"ಇದಕ್ಕೆ ಒಬ್ರದ್ದೇ ಕರೆ ಬರ್ಬೇಕು. ಇನ್ನೂ ಬಂದಿಲ್ಲ," ಎಂದು ಹೇಳಿ ಎದ್ದು ಎಂಜಿನ್ನಿನ ಕಡೆ ನಡೆಯುತ್ತಾರೆ. ಮುಂದೆ ಕೇಳಬೇಡ ಎನ್ನುವ ನಡಿಗೆ ಅದು.

ಬೇಲಿಯಣ್ಣ ಲಾರಿ ಕ್ಲೀನರ್ ಆಗಿ ರಸ್ತೆಗೆ ಬಂದವರು. ಆಮೇಲೆ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕೆಲಸ ಕಲಿತರು. ಮಾಲೀಕರು ಟೋಯಿಂಗ್ ಗಾಡಿ ಕೊಂಡಾಗ ಅದನ್ನು ಓಡಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಊಟವಿಲ್ಲ, ಬಿಸಿಲು ಮಳೆ ಎಲ್ಲ ಮೈಮೇಲೆಯೇ. ಡಾಂಬರಿನ ಮೇಲೆ ಮಂಡಿಯೂರಿ ಮಂಡಿ ಸವೆದಿದೆ, ಕುಕ್ಕರಗಾಲಲ್ಲಿ ಕೂತರೆ ಏಳುವಾಗ ಏನಾದರೊಂದು ಹಿಡಿದುಕೊಳ್ಳಬೇಕು. ಹೊಸ ಕಾರುಗಳ ವಿಷಯದಲ್ಲಿ ಜಂಬವೇನೂ ಇಲ್ಲ. "ಅದಕ್ಕೆ ಕಂಪ್ಯೂಟರ್ ಹಾಕಿ ನೋಡ್ಬೇಕು, ನನ್ನ ಕೈಲಾಗಲ್ಲ. ಎಳ್ಕೊಂಡು ಹೋಗಿ ಮುಟ್ಟಿಸ್ತೀನಿ, ಅಷ್ಟೇ. ಗಾಡಿ ಸರಿಮಾಡೋದು ಅವ್ರ ಕೆಲಸ. ಜನ ಎಲ್ಲಿ ನಿಂತಿದ್ದಾರೆ ಅಂತ ನೋಡೋದು ನಂದು."

ಎರಡನೆಯ ಕರೆ ಪೆಟ್ರೋಲ್ ಬಂಕಿನ ಹಿಂಭಾಗದಿಂದ ಬರುತ್ತದೆ. ಹೊಸದಾಗಿ ಗಾಡಿ ಕಲಿತ ನರ್ಸ್ ಒಬ್ಬರು ಪಂಕ್ಚರ್ ಆದ ಟೈರಿನಲ್ಲೇ ಕಾರನ್ನು ನಿಧಾನವಾಗಿ ಉರುಳಿಸಿಕೊಂಡು ಅಲ್ಲಿಗೆ ಬಂದು ಸೇರಿದ್ದಾರೆ. ಟೈರ್ ಚಿಂದಿಯಾಗಿದೆ, ಮುಖ ಅಳುವಂತಾಗಿದೆ.

"ಒಳ್ಳೇ ಕೆಲಸ ಮಾಡ್ದೆ ಕಣಮ್ಮ," ಎನ್ನುತ್ತಾರೆ ಬೇಲಿಯಣ್ಣ. "ಟೈರ್ ಹೋದ್ರೆ ಹೋಗ್ಲಿ, ಅಂಗಡೀಲಿ ಸಿಗುತ್ತೆ. ಸಮತಟ್ಟಾದ ಜಾಗಕ್ಕೆ ಬಂದೆಯಲ್ಲ, ಅದು ಮುಖ್ಯ. ಈಗ ನೀನೇ ಬದಲಾಯಿಸ್ಬೇಕು. ನಾನು ಪಕ್ಕದಲ್ಲಿರ್ತೀನಿ."

ಹ್ಯಾಂಡ್‌ಬ್ರೇಕ್ ಎಳೆಸುತ್ತಾರೆ. ಪಂಕ್ಚರ್ ಆದದ್ದಕ್ಕೆ ಓರೆಯಾಗಿ ಎದುರಿರುವ ಚಕ್ರಕ್ಕೆ ಕಲ್ಲು ಕೊಡಿಸುತ್ತಾರೆ. ಗಾಡಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸಡಿಲಿಸಬೇಕು, ಎತ್ತಿದ ಮೇಲೆ ತಿರುಗಿಸಹೋದರೆ ಚಕ್ರವೇ ತಿರುಗುತ್ತದೆ. ನಟ್ಟು ಜಗ್ಗದಿದ್ದಾಗ ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಮೈಭಾರ ಬಿಡು ಎನ್ನುತ್ತಾರೆ. ಕಿರ್ ಎಂದು ನಟ್ಟು ಬಿಟ್ಟುಕೊಟ್ಟಾಗ ನರ್ಸಮ್ಮನ ಮುಖದಲ್ಲಿ ಮೊದಲ ಬಾರಿಗೆ ನಗು. ಜ್ಯಾಕ್ ಏರಿಸಿ ಚಕ್ರ ತೆಗೆದ ಕೂಡಲೇ ಅದನ್ನು ಗಾಡಿಯ ಅಡಿಗೆ ತಳ್ಳಿಸುತ್ತಾರೆ. ಜ್ಯಾಕ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರಲಿ, ಕಾಲಿನ ಮೇಲೆ ಬೇಡ.

ಈ ಎಲ್ಲಕ್ಕೂ ಮೊದಲು ಬೇಲಿಯಣ್ಣ ಡಿಕ್ಕಿ ತೆರೆಸಿ ಸ್ಟೆಪ್ನಿಯ, ಅಂದರೆ ಬದಲಿ ಚಕ್ರದ, ಮೇಲೆ ಅಂಗೈ ಊರಿ ಒತ್ತಿ ನೋಡಿದರು. ಗಾಳಿ ಇತ್ತು. ಆದರೂ ಆ ಗಳಿಗೆಯಲ್ಲಿ ಅವರ ಮುಖ ಸಪ್ಪಗಾದದ್ದನ್ನು ನಾನು ಗಮನಿಸಿದೆ. ಕಾರಣ ಗೊತ್ತಾದದ್ದು ಮಧ್ಯಾಹ್ನ ಅವರ ಮನೆಯಲ್ಲಿ, ಅದೂ ಅವರ ಹೆಂಡತಿಯ ಬಾಯಿಂದ.

ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮುಕ್ಕಾಲು ಪಾಲು ಹೊಲಿಗೆ ಯಂತ್ರ ಮತ್ತು ಬಟ್ಟೆಯ ಸುರುಳಿಗಳದ್ದು. ಬೇಲಿಯಣ್ಣನ ಹೆಂಡತಿ, ನನಗೆ ಅಕ್ಕ, ಕಿಟಕಿ ಪರದೆ ಹೊಲಿಯುತ್ತಾರೆ. ಹೊರಗೆ ಒಂದು ಚಿಕ್ಕ ನೀಲಿ ಕಾರು ನಿಂತಿದೆ, ಡಿಕ್ಕಿಯ ಬಾಗಿಲು ಮಾತ್ರ ಬೂದು ಬಣ್ಣದ್ದು. ಅದರ ಕೀಲಿ ಯಂತ್ರದ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ.

"ಕಾರು ಓಡಿಸ್ತೀರಾ ಅಕ್ಕ?" ಎಂದು ಕೇಳಿದ್ದೇ ತಡ, ಬೇಲಿಯಣ್ಣ ತಟ್ಟೆಯಲ್ಲಿ ಮುಖ ಹುದುಗಿಸುತ್ತಾರೆ.

"ಓಡಿಸ್ತಿದ್ದೆ," ಎನ್ನುತ್ತಾರೆ ಅಕ್ಕ. "ಮನೆಮನೆಗೆ ಹೋಗಿ ಅಳತೆ ತಗೊಂಡು, ಹೊಲಿದು, ನಾನೇ ಹೋಗಿ ಹಾಕಿಕೊಟ್ಟು ಬರ್ತಿದ್ದೆ. ಒಂದಿನ ಹೆದ್ದಾರೀಲಿ ಹಿಂದಿನ ಟೈರ್ ಹೋಯ್ತು. ಡಿಕ್ಕಿ ತೆಗೆದು ನೋಡ್ತೀನಿ, ಸ್ಟೆಪ್ನಿ ಇಲ್ಲ. ಈ ಮಹಾನುಭಾವರು ಅದನ್ನ ತೆಗೆದು ದಾರೀಲಿ ನಿಂತಿದ್ದ ಯಾರಿಗೋ ಹಾಕಿ ಕಳಿಸಿದ್ದಾರೆ."

"ವಾಪಸ್ ಕೊಡ್ತೀನಿ ಅಂದಿದ್ರು," ತಟ್ಟೆಯ ಕಡೆಯಿಂದ ಮೆಲ್ಲಗೆ ಒಂದು ದನಿ.

"ಕೊಟ್ರು ಪಾಪ, ಆಮೇಲೆ. ಆದ್ರೆ ಹೆಂಡ್ತಿಗೊಂದು ಮಾತು ಹೇಳ್ಬೇಕು ಅಂತ ಇವ್ರಿಗೆ ಅನ್ನಿಸ್ಲಿಲ್ಲ. ಫೋನ್ ಮಾಡ್ದೆ, ಎತ್ತಲಿಲ್ಲ. ಇನ್ನೆಲ್ಲೋ ಇನ್ಯಾರದ್ದೋ ಗಾಡಿ ನೋಡ್ತಿದ್ರು, ಫೋನು ಗಾಡಿಯೊಳಗೆ. ಉರಿಬಿಸಿಲು. ಕಾರಲ್ಲೇ ಕೂತ್ಕೊಳ್ಳೋಣ ಅಂತ ಬಾಗಿಲಿಗೆ ಕೈ ಹಾಕಿದ್ದೆ. ಆದ್ರೆ ಊಟಕ್ಕೆ ಕೂತಾಗ್ಲೂ ಈ ಮನುಷ್ಯ ಫೋನಲ್ಲಿ ಅದೇ ಮಂತ್ರ ಹೇಳೋದು, ಇಳಿದ್ರಾ, ಬೇಲಿ ಆಚೆ ನಿಂತ್ರಾ. ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಬೈಕೊಂಡೇ ಬೇಲಿ ದಾಟಿ, ಹಿಂದಕ್ಕೆ ಹೋಗಿ ಒಂದು ಮರದ ಕೆಳಗೆ ಕೂತೆ. ಕೂತು ಸೆರಗಲ್ಲಿ ಮುಖ ಒರಸ್ಕೋತಾ ಇದ್ದೀನಿ, ಒಂದು ವ್ಯಾನು ಬಂದು ಕಾರಿಗೆ ಗುದ್ದಿತು."

ಬೇಲಿಯಣ್ಣ ಊಟ ನಿಲ್ಲಿಸಿದ್ದಾರೆ.

"ನಾನು ಹೋದಾಗ ಕಾರು ಕಾಣ್ತು, ಇವಳು ಕಾಣ್ಲಿಲ್ಲ," ಎನ್ನುತ್ತಾರೆ. "ಎಷ್ಟೋ ಜನರ ಗಾಡಿ ಆ ಥರ ನೋಡಿದ್ದೀನಿ, ಆದ್ರೆ ಅದು ನಮ್ಮನೆ ಗಾಡಿ. ಆಮೇಲೆ ಮರದ ಕೆಳಗಿಂದ ಇವಳ ದನಿ ಬಂತು. ಏನಂದ್ಲು ಗೊತ್ತಾ? ಸ್ಟೆಪ್ನಿ ಎಲ್ಲಿ ರೀ, ಅಂದ್ಲು."

ಅಕ್ಕ ನಗುತ್ತಾರೆ. ಅವರು ನಗುವುದಿಲ್ಲ.

ಅಂದಿನಿಂದ ಅಕ್ಕ ಸ್ಟೀರಿಂಗ್ ಮುಟ್ಟಿಲ್ಲ. ಬೇಲಿಯಣ್ಣ ಬಿಡುವಾದಾಗೆಲ್ಲ ತಗಡು ಬಡಿದು ಕಾರನ್ನು ನೆಟ್ಟಗೆ ಮಾಡಿದರು, ಗುಜರಿಯಲ್ಲಿ ಸಿಕ್ಕಿದ ಬೂದು ಬಾಗಿಲನ್ನು ತಂದು ಕೂರಿಸಿದರು. ಬ್ಯಾಟರಿ ಸಾಯದಿರಲೆಂದು ಆಗಾಗ ಸ್ಟಾರ್ಟ್ ಮಾಡುತ್ತಾರೆ. ಅಳತೆಗೆ ಹೋಗಲಾಗದೆ ಅಕ್ಕನ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುತ್ತಿದ್ದಾರೆ. ಹೊಲಿದು ಮುಗಿಸಿದ ಒಂದು ಜೊತೆ ಪರದೆ ಮಡಿಸಿಟ್ಟಲ್ಲೇ ಕೂತಿದೆ. ಜೇಬಿನ ಪುಟ್ಟ ಫೋನನ್ನು ಬೇಲಿಯಣ್ಣ ತಂದದ್ದು ಆ ಘಟನೆಯ ಮರುದಿನವೇ. ಅದರ ನಂಬರ್ ಅಕ್ಕನಿಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ. "ಮನೆ ವಿಷ್ಯಕ್ಕೆ ದೊಡ್ಡ ಫೋನಿಗೆ ಮಾಡ್ತಾಳೆ. ಇದು ಇವಳು ರಸ್ತೆ ಮೇಲಿದ್ದಾಗ ಮಾಡೋಕೆ. ದಿನಾ ಚಾರ್ಜ್ ಹಾಕ್ತೀನಿ," ಎನ್ನುತ್ತಾರೆ.

"ನಾನು ಎಲ್ಲಿಗೂ ಹೋಗಲ್ಲ, ಅದಕ್ಕೆ ಯಾಕೆ ಚಾರ್ಜು?" ಎಂದು ಅಕ್ಕ ಮಾತು ಮುಗಿಸುತ್ತಾರೆ.

ಬೇಲಿಯಣ್ಣ ಕೈ ತೊಳೆಯಲು ಹಿತ್ತಲಿಗೆ ಹೋದಾಗ ದೊಡ್ಡ ಫೋನು ಹೊಡೆದುಕೊಳ್ಳುತ್ತದೆ. ಅಕ್ಕ ಒಂದು ಕ್ಷಣ ನೋಡಿ ತಾವೇ ಎತ್ತುತ್ತಾರೆ. ಆಚೆ ಒಬ್ಬ ಹೆಂಗಸಿನ ಗಾಬರಿಯ ದನಿ ನನಗೂ ಕೇಳಿಸುತ್ತದೆ.

"ಎಲ್ಲಿದ್ದೀರಮ್ಮ? ಇಳಿದ್ರಾ? ಬೇಡ, ಒಳಗೆ ಕೂರ್ಬೇಡಿ. ಇಂಡಿಕೇಟರ್ ಎರಡೂ ಹಾಕಿ, ಬೇಲಿ ಕಡೆ ಬಾಗ್ಲಿಂದ ಇಳೀರಿ. ಆಚೆ ಹೋಗಿ ಹಿಂದಕ್ಕೆ ನಿಂತ್ಕೊಳ್ಳಿ. ಬ್ಯಾಗು ಅಲ್ಲೇ ಬಿಡಿ. ನಿಂತ್ರಾ?" ಆಚೆಯಿಂದ ಹೂಂ ಎನ್ನುವುದು ಕೇಳಿಸುತ್ತದೆ. "ಭಯ ಆಗುತ್ತೆ, ಗೊತ್ತು. ನಾನೂ ಅಲ್ಲಿ ನಿಂತಿದ್ದೆ. ಏನೂ ಆಗಲ್ಲ, ನೋಡಿ, ಆಮೇಲೆ ಮನೆಗೆ ಹೋಗ್ತೀರಾ, ಅಡುಗೆ ಮಾಡ್ತೀರಾ. ಇವ್ರು ಈಗ ಹೊರಡ್ತಾರೆ."

ಒದ್ದೆ ಕೈಯಲ್ಲಿ ಬಾಗಿಲ ಬಳಿ ನಿಂತ ಬೇಲಿಯಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಕೈ ಒರೆಸಿಕೊಂಡು, ಫೋನ್ ಇಸಿದುಕೊಂಡು ಹೊರಡುತ್ತಾರೆ. ನಾನು ಟೋಯಿಂಗ್ ಗಾಡಿಯವರೆಗೆ ಜೊತೆಗೆ ಹೋಗಿ, ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಇಂಥ ಲೇಖನಗಳಿಗೆ ಆ ಪ್ರಶ್ನೆ ಬೇಕೇ ಬೇಕು. ಅವರು ಜೇಬು ತಟ್ಟಿ ತೋರಿಸುತ್ತಾರೆ.

"ನನಗೆ ಬರೋ ಕರೆಯೆಲ್ಲ ಗಾಡಿ ನಿಂತಿದೆ ಅನ್ನೋವೇ. ಗಾಡಿ ಚೆನ್ನಾಗಿ ಓಡ್ತಿದೆ ಅಂತ ಯಾರೂ ಫೋನ್ ಮಾಡಲ್ಲ. ಮಾಡೋದೂ ಇಲ್ಲ ಬಿಡಿ, ಯಾಕೆ ಮಾಡ್ತಾರೆ? ಇದ್ರಲ್ಲಿ ಒಂದ್ಸಲ ಅಂಥದ್ದು ಬಂದ್ರೆ ಸಾಕು."

ಗಾಡಿ ಹೋಯಿತು. ಬಸ್ ನಿಲ್ದಾಣದ ದಾರಿ ಕೇಳೋಣವೆಂದು ಒಳಗೆ ಬಂದರೆ ಅಕ್ಕ ಕಾರಿನ ಕೀಲಿ ತೂಗುವ ಮೊಳೆಯ ಮುಂದೆ ನಿಂತಿದ್ದಾರೆ. ಅವರ ಕೈಯಲ್ಲಿ ಆ ಮಡಿಸಿದ ಪರದೆಗಳಿವೆ.

"ನಿಲ್ದಾಣದ ಹತ್ರಾನೇ ಇದನ್ನ ಕೊಡೋ ಮನೆ," ಎನ್ನುತ್ತಾರೆ, ನನಗೋ ಕೀಲಿಗೋ ತಿಳಿಯುವುದಿಲ್ಲ. "ಬನ್ನಿ, ಬಿಡ್ತೀನಿ."

ಹೊರಗೆ ಬಂದು ಮೊದಲು ಬೂದು ಬಾಗಿಲು ಎತ್ತುತ್ತಾರೆ. ಸ್ಟೆಪ್ನಿಯ ಮೇಲೆ ಅಂಗೈ ಊರಿ ಒತ್ತುತ್ತಾರೆ. ಜ್ಯಾಕ್, ಸ್ಪ್ಯಾನರ್, ತ್ರಿಕೋನ, ಎಲ್ಲವೂ ಹೊಚ್ಚ ಹೊಸದು, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅಕ್ಕ ಅದನ್ನು ಮೊದಲಿನಂತೆಯೇ ಸುತ್ತಿ ಇಡುತ್ತಾರೆ. ಮೊದಲ ಸಲ ಗೇರ್ ಹಾಕಿದಾಗ ಗಾಡಿ ಎಗರಿ ನಿಂತುಬಿಡುತ್ತದೆ. ಎರಡನೆಯ ಸಲ ಹೊರಡುತ್ತದೆ. ಹೆದ್ದಾರಿಯಲ್ಲಿ ಎಲ್ಲರೂ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಅಕ್ಕ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದಾರೆ. ಒಂದು ಮರದ ಬಳಿ ಮಾತ್ರ ಒಮ್ಮೆ ಬೇಲಿಯ ಆಚೆ ನೋಡುತ್ತಾರೆ. ಇದೇ ಮರವೇ ಎಂದು ಕೇಳುವ ಧೈರ್ಯ ನನಗಾಗುವುದಿಲ್ಲ.

ನಿಲ್ದಾಣದ ಬಳಿ ಗಾಡಿಯನ್ನು ಪೂರ್ತಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಅಕ್ಕ ಫೋನ್ ತೆಗೆಯುತ್ತಾರೆ. ಬೇಲಿಯಣ್ಣನ ಆಸೆಯನ್ನು ನಾನು ಅವರಿಗೆ ಹೇಳಿಲ್ಲ. ಹೇಳಿಬಿಡಲೇ ಎಂದು ಯೋಚಿಸುವಷ್ಟರಲ್ಲಿ ಕರೆ ಹೋಗಿಯಾಗಿದೆ. ಒಂದೇ ರಿಂಗಿಗೆ ಆ ಕಡೆ ಎತ್ತುತ್ತಾರೆ.

"ಎಲ್ಲಿದ್ದೀಯ?" ಲಾರಿಗಳ ಸದ್ದಿನ ನಡುವೆ ಬೇಲಿಯಣ್ಣನ ದನಿ ಕಾರಿನ ತುಂಬ ಕೇಳಿಸುತ್ತದೆ. "ಇಳಿದ್ಯಾ? ಬೇಲಿ ಆಚೆ ನಿಂತ್ಯಾ? ಅಲ್ಲೇ ಇರು, ಬಂದೆ."

"ಬರ್ಬೇಡಿ," ಎನ್ನುತ್ತಾರೆ ಅಕ್ಕ. "ಮೊದ್ಲು ಆ ಹೆಂಗಸಿನ ಗಾಡಿ ನೋಡಿ. ನಂದು ಚೆನ್ನಾಗಿ ಓಡ್ತಿದೆ ರೀ. ಅಷ್ಟೇ ಹೇಳೋಣ ಅಂತ ಮಾಡ್ದೆ."

ಆ ಕಡೆ ಲಾರಿಯೊಂದು ಹಾರ್ನ್ ಹೊಡೆದು ಹೋಗುತ್ತದೆ.

"ಸ್ಟೆಪ್ನಿ ನೋಡ್ದ್ಯಾ?"

"ನೋಡ್ದೆ. ಇದೆ."