ಎಚ್ಚರಿಕೆಗೆ ಒಂದೇ ಕಡತ

ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ನಾನು ಆಸ್ಪತ್ರೆ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರಗಳವು. ‘ಕೆಂಪು ದೀಪ ಆರಿದ ಮೇಲೆ ಮುಚ್ಚಳ ತೆಗೆಯಿರಿ’ ಎಂದಿದ್ದ ಎಚ್ಚರಿಕೆಯನ್ನು, ದೀಪ ಆರಿದರೂ ಒಳಗೆ ಹಬೆ ಉಳಿದಿರಬಹುದೆಂದು, ‘ಒತ್ತಡದ ಮುಳ್ಳು ಸೊನ್ನೆಗೆ ಬಂದ ಮೇಲಷ್ಟೇ’ ಎಂದು ತಿದ್ದಿದೆವು. ಇಂಥ ತಿದ್ದುಪಡಿಯನ್ನು ಪ್ರತಿ ಕೈಪಿಡಿಯ ಎಕ್ಸ್‌ಎಂಎಲ್ ಕಡತಕ್ಕೂ ಕಾಪಿ–ಪೇಸ್ಟ್ ಮಾಡುವುದು ನಮ್ಮಲ್ಲಿ ರೂಢಿ. ಒಂದು ಕಡತ ತಪ್ಪಿಹೋಯಿತು.

ಅದರಲ್ಲಿ ಉಳಿದಿದ್ದ ಹಳೆಯ ಎಚ್ಚರಿಕೆ ಓದಿ ಮುಚ್ಚಳ ತೆಗೆದ ನರ್ಸ್ ಒಬ್ಬರ ಮುಂಗೈ ಸುಟ್ಟಿತು. ಅವರ ಫೋನ್ ಬಂದಾಗ ನನ್ನ ಬಸ್ಸು ಸಾರಕ್ಕಿ ಸಿಗ್ನಲ್‌ನಲ್ಲಿ ನಿಂತಿತ್ತು. “ನೀವು ಬರ್ದಿದ್ದನ್ನೇ ಓದಿ ಮಾಡಿದ್ದು ಮೇಡಂ,” ಎಂದರು. ಬೈದಿದ್ದರೂ ವಾಸಿಯಿತ್ತು.

“ಮುಂದಿನ ಸಲ ನೋಡ್ಕೊಂಡು ಮಾಡಿ,” ಎಂದರು ಆಫೀಸಿನಲ್ಲಿ ಮ್ಯಾನೇಜರ್.

“ಇಲ್ಲ ಸಾರ್. ಇನ್ಮೇಲೆ ಎಚ್ಚರಿಕೆ ಒಂದೇ ಫೈಲಲ್ಲಿರತ್ತೆ. ಎಲ್ಲಾ ಪುಸ್ತಕಗಳೂ ಅಲ್ಲಿಂದಾನೇ ತಗೋಬೇಕು.”

ಹಾಗಿದ್ದರೆ ಹಳೆಯ ಎಂಟಿಟಿ ವಿಧಾನ ಸಾಕು ಎಂದರು: ಕಡತದ ತಲೆಯಲ್ಲಿ ಒಂದು ಹೆಸರು ಘೋಷಿಸಿ, ಬೇಕಾದಲ್ಲಿ ಆ ಹೆಸರು ಬರೆಯುವುದು. ಆದರೆ ಹಾಗೆ ಸೇರಿಸುವ ತುಣುಕನ್ನು ಅದಷ್ಟನ್ನೇ ತೆರೆದು ನಿಯಮಕ್ಕೆ ಸರಿಯಿದೆಯೇ ಎಂದು ನೋಡಲಾಗದು. ಭದ್ರತೆಯ ಭಯಕ್ಕೆ ಎಷ್ಟೋ ತಂತ್ರಾಂಶಗಳು ಹೊರಗಿನ ಎಂಟಿಟಿಯನ್ನು ಓದುವುದೂ ಇಲ್ಲ. ಪುಟ ರೂಪಿಸುವಾಗ ಆ ಕೆಲಸದ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯಿಂದ ಎಳೆದುಕೊಳ್ಳಬಹುದಿತ್ತು. ಆದರೆ ನಮ್ಮ ಪರೀಕ್ಷೆ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ, ಆಮೇಲೆ ಸೇರಿದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಇನ್‌ಕ್ಲೂಡ್‌ನಲ್ಲಿ ಒಂದು ಕಡತ ಇನ್ನೊಂದನ್ನು ಇಡಿಯಾಗಿ ಕರೆದುಕೊಳ್ಳುತ್ತದೆ; ಎಚ್ಚರಿಕೆ ತಾನೇ ಒಂದು ಪೂರ್ತಿ ಕಡತ. ಬೇರೆಯಾಗಿ ಪರೀಕ್ಷಿಸಬಹುದು, ಎಲ್ಲಿಗಾದರೂ ಸೇರಿಸಬಹುದು, ಕಡತ ಸಿಗದಿದ್ದರೆ ಏನಾಗಬೇಕೆಂದೂ ಹೇಳಬಹುದು. ನಾನು ಅದನ್ನೇ ಹಿಡಿದೆ.

“ಸರಿ, ಸಿಗ್ದಿದ್ರೆ ಆ ಜಾಗ ಖಾಲಿ ಬಿಡೋ ಹಾಗೆ ಮಾಡಿ. ಕೆಲಸ ನಿಲ್ಬಾರ್ದು.”

“ನಿಲ್ಲಲೇಬೇಕು ಸಾರ್. ಎಚ್ಚರಿಕೆ ಇಲ್ದಿರೋ ಪುಸ್ತಕ ನನ್ನ ಕೈಯಿಂದ ಆಚೆ ಹೋಗಲ್ಲ.”

ಪುಸ್ತಕ ಕಳಿಸುವ ದಿನವೇ ಯಾರೋ ಎಚ್ಚರಿಕೆಯ ಕಡತವಿದ್ದ ಫೋಲ್ಡರ್‌ನ ಜಾಗ ಬದಲಿಸಿದ್ದರು. ಪರದೆಯಲ್ಲಿ ಕೆಂಪು ಸಾಲು ಬಂದು ಕೆಲಸ ನಿಂತಿತು. ಗ್ರಾಹಕರಿಂದ ಫೋನಿನ ಮೇಲೆ ಫೋನ್. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಈಗ ಖುಷೀನಾ?”

“ಹೌದು ಸಾರ್.”

ಫೋಲ್ಡರ್ ಹುಡುಕಿ ಸರಿಪಡಿಸಿ, ಪುಸ್ತಕವನ್ನು ಮರುದಿನ ಬೆಳಿಗ್ಗೆ ಕಳಿಸಿದೆ.

ವರ್ಷದ ಕೊನೆಗೆ ನನ್ನ ಕೆಲಸದ ವರದಿಯಲ್ಲಿ ‘ಹೊಂದಿಕೊಂಡು ಹೋಗುವುದಿಲ್ಲ’ ಎಂದು ಬರೆದು ಬಡ್ತಿ ತಪ್ಪಿಸಿದರು. ಕೆಳಗೆ ‘ಈ ವಿಷಯದಲ್ಲಿ ಮುಂದೆಯೂ ಹೊಂದಿಕೊಳ್ಳುವುದಿಲ್ಲ’ ಎಂದು ಸೇರಿಸಿ ಸಹಿ ಹಾಕಿದೆ. ಆಮೇಲೆ ಮ್ಯಾನೇಜರ್ ಬೇರೆ ಕಂಪನಿಗೆ ಹೋದರು. ನಾನು ಇನ್ನೂ ಅದೇ ಕುರ್ಚಿಯಲ್ಲಿದ್ದೇನೆ, ಹೊಸದಾಗಿ ಬಂದವರು ಕಡತ ಸಿಗದಿದ್ದರೆ ಆ ಜಾಗ ಖಾಲಿ ಬಿಡೋಣವೇ ಎಂದು ಕೇಳಿದಾಗಲೆಲ್ಲ ಬೇಡ ಎನ್ನುತ್ತಾ.